ಕೊಲಂಬಿಯದ ಅಪರಾಧಿ ಹಸ್ತಾಂತರ ವಿವಾದ

ಕೊಲಂಬಿಯದ ಮಾದಕದ್ರವ್ಯ ಕೂಟಗಳು ಎಸಗಿದ ಹಿಂಸೆಯನ್ನು ಕೇವಲ ಲೋಭ ಕ್ರೌರ್ಯಗಳ ಕಥೆಯೆಂದು ವರ್ಣಿಸುವುದು ವಾಡಿಕೆಯಾಗಿದೆ. ಆದರೆ ಘಟನೆಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸಿದಾಗ, ಅವುಗಳಲ್ಲಿ ಪ್ರಮುಖವಾದವು ಒಂದು ನಿರ್ದಿಷ್ಟ ಒಪ್ಪಂದವನ್ನು ಗುರಿಯಾಗಿಟ್ಟುಕೊಂಡಿದ್ದುವೆಂಬುದು ನಮಗೆ ವ್ಯಕ್ತವಾಗುತ್ತದೆ.

1979ರ ಸೆಪ್ಟೆಂಬರಿನಲ್ಲಿ ಕೊಲಂಬಿಯ ಹಾಗೂ ಅಮೆರಿಕ ಸಂಯುಕ್ತ ಸಂಸ್ಥಾನಗಳು ಸಹಿ ಮಾಡಿದ ಈ ಒಪ್ಪಂದದ ಮೇರೆಗೆ ಕೊಲಂಬಿಯದ ಪ್ರಜೆಗಳನ್ನು ಅಮೆರಿಕದ ನ್ಯಾಯಾಲಯಗಳಿಗೆ ಒಪ್ಪಿಸಬಹುದಾಗಿತ್ತು. ಅಧ್ಯಕ್ಷ ಬೆತಾಂಕುರ್ ಮೊದಲು ಇದಕ್ಕೆ ಸಮ್ಮತಿಸಲಿಲ್ಲ. ಸ್ವದೇಶದ ಪ್ರಜೆಯನ್ನು ಪರರಾಜ್ಯಕ್ಕೆ ಒಪ್ಪಿಸುವುದು ಸಾರ್ವಭೌಮತ್ವಕ್ಕೆ ಕುಂದೆಂಬುದು ಅವರ ಭಾವನೆಯಾಗಿತ್ತು. 1984ರ ಏಪ್ರಿಲ್ 30ರಂದು ನ್ಯಾಯಮಂತ್ರಿ ಲಾರಾ ಬೊನಿಯಾ ಬೊಗೊಟಾದಲ್ಲಿ ಹತರಾದ ಮೇಲೆ ಆ ನಿಲುವು ಬದಲಾಯಿತು.

ಕೂಟದವರು ಈ ಒಪ್ಪಂದಕ್ಕೆ ಅಷ್ಟೇಕೆ ಅಂಜಿದರು? ಸ್ವದೇಶದ ನ್ಯಾಯಾಧೀಶರ ಮುಂದೆ ಅವರು ಇಡುತ್ತಿದ್ದುದು ಎರಡೇ ಮಾರ್ಗ: ಬೆಳ್ಳಿ ಇಲ್ಲವೆ ಸೀಸ, ಎಂದರೆ ಲಂಚ ಇಲ್ಲವೆ ಗುಂಡು. ಅಮೆರಿಕದ ನ್ಯಾಯಪೀಠದ ಮುಂದೆ ಈ ಎರಡೂ ಸಲ್ಲುವಂತಿರಲಿಲ್ಲ. ಮೆಡೆಲಿನ್ ಕೂಟದ ಪ್ರಮುಖರು ತಮ್ಮನ್ನು 'ಹಸ್ತಾಂತರಕ್ಕೊಳಗಾಗುವವರು' ಎಂದೇ ಕರೆದುಕೊಂಡು ಪ್ರಕಟಣೆಗಳನ್ನು ಹೊರಡಿಸಿದರು. ಕಾನೂನಿನ ಪರಿಭಾಷೆಯೊಂದನ್ನು ತಮ್ಮ ಹೆಸರಾಗಿ ಧರಿಸಿದ ಪಾತಕಿಗಳು ಇತಿಹಾಸದಲ್ಲಿ ವಿರಳ.

1985ರ ನವೆಂಬರ್ 6ರಂದು ಎಂ-19 ಎಂಬ ಕ್ರಾಂತಿಕಾರಿ ದಳವು ಬೊಗೊಟಾದ ನ್ಯಾಯಭವನವನ್ನು ಆಕ್ರಮಿಸಿತು. ಸೈನ್ಯವು ಅದನ್ನು ಮರಳಿ ವಶಪಡಿಸಿಕೊಳ್ಳುವಷ್ಟರಲ್ಲಿ ಸುಮಾರು ನೂರು ಮಂದಿ ಮಡಿದಿದ್ದರು. ಅವರಲ್ಲಿ 11 ಮಂದಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು. ಕೂಟದ ಹಣ ಇದರ ಹಿಂದಿತ್ತೆ ಎಂಬುದು ವಿವಾದಗ್ರಸ್ತ ವಿಷಯ. ಹಸ್ತಾಂತರದ ಮೊಕದ್ದಮೆಯನ್ನು ವಿಚಾರಿಸುತ್ತಿದ್ದ ನ್ಯಾಯಮೂರ್ತಿಗಳಿಗೆ ಅದಕ್ಕೆ ಮೊದಲೇ ಬೆದರಿಕೆಗಳು ಬರುತ್ತಿದ್ದುವೆಂಬುದು ಮಾತ್ರ ನಿರ್ವಿವಾದ. ಮರುವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯವು ಒಪ್ಪಂದವನ್ನು ಅನುಮೋದಿಸಿದ ಶಾಸನವನ್ನು ಅಸಿಂಧುವೆಂದು ಸಾರಿತು. ಶಾಸನಕ್ಕೆ ಸಹಿ ಮಾಡಿದವರು ಅಧ್ಯಕ್ಷರಲ್ಲ, ಅವರ ಪರವಾಗಿ ಅಧಿಕಾರ ನಡೆಸುತ್ತಿದ್ದ ಮಂತ್ರಿಗಳು ಎಂಬುದು ಕಾರಣ. ಶುದ್ಧ ನ್ಯಾಯಶಾಸ್ತ್ರದ ದೃಷ್ಟಿಯಿಂದ ಇದು ನಿಲ್ಲತಕ್ಕ ಆಕ್ಷೇಪಣೆಯೇ ಇರಬಹುದು. ಹದಿಮೂರು ತಿಂಗಳ ಹಿಂದಿನ ಬೆಂಕಿಯನ್ನು ಮರೆತು ಅದನ್ನು ಓದುವುದು ನಮಗೆ ಸಾಧ್ಯವಾಗದು.

1989ರ ಆಗಸ್ಟಿನಲ್ಲಿ ಅಧ್ಯಕ್ಷಪದವಿಯ ಅಭ್ಯರ್ಥಿ ಗಲಾನರ ಕೊಲೆಯಾಗಲು, ಅಧ್ಯಕ್ಷ ಬಾರ್ಕೊ ತುರ್ತು ಆಜ್ಞೆಯಿಂದ ಹಸ್ತಾಂತರವನ್ನು ಮತ್ತೆ ಜಾರಿಗೆ ತಂದರು. ನವೆಂಬರಿನಲ್ಲಿ ಬಾಂಬಿಗೆ ತುತ್ತಾದ ಆವಿಯಾಂಕಾ ವಿಮಾನದಲ್ಲಿದ್ದ 107 ಮಂದಿಯೂ ಸತ್ತರು. ಮುಂದಿನ ಅಧ್ಯಕ್ಷ ಗವೀರಿಯಾ ಅವರು ಶರಣಾಗಿ ತಪ್ಪೊಪ್ಪಿಕೊಂಡವರನ್ನು ಹಸ್ತಾಂತರಿಸುವುದಿಲ್ಲವೆಂದು ಆಶ್ವಾಸನೆಯಿತ್ತರು. 1991ರ ಜೂನ್ 19ರಂದು ಸಂವಿಧಾನ ಸಭೆಯು ಸ್ವಪ್ರಜೆಗಳ ಹಸ್ತಾಂತರವನ್ನೇ ನಿಷೇಧಿಸಿತು. ಅದೇ ದಿನ ಪಾಬ್ಲೊ ಎಸ್ಕೊಬಾರ್ ಶರಣಾದನು. ತನಗೆ ಒಪ್ಪಿಗೆಯಾದ ಸೆರೆಮನೆಯಲ್ಲೇ ಇದ್ದು, ಮರುವರ್ಷ ಅಲ್ಲಿಂದಲೂ ತಪ್ಪಿಸಿಕೊಂಡನು. 1993ರ ಡಿಸೆಂಬರಿನಲ್ಲಿ ಹತನಾದನು. 1997ರ ತಿದ್ದುಪಡಿಯು ಹಸ್ತಾಂತರವನ್ನು ಪುನಃ ಸ್ಥಾಪಿಸಿತು.

ಸಾರ್ವಭೌಮತ್ವವಾದಿಗಳೂ ಹಸ್ತಾಂತರವಾದಿಗಳೂ ಸಮನಾಗಿ ಉಪೇಕ್ಷಿಸಿದ ಅಂಶವೊಂದಿದೆ. ಅಮೆರಿಕದ ನ್ಯಾಯಾಲಯವು ಮುಖ್ಯವಾಗಿ ವಿಚಾರಿಸುವುದು ಆ ದೇಶಕ್ಕೆ ಕೊಕೇನ್ ಸಾಗಿಸಿದ ಅಪರಾಧವನ್ನು, ಕೊಲಂಬಿಯದಲ್ಲಿ ನಡೆದ ಕೊಲೆಗಳನ್ನಲ್ಲ. 2008ರ ಮೇ ತಿಂಗಳಲ್ಲಿ ಖಾಸಗಿ ಸಶಸ್ತ್ರ ಪಡೆಗಳ 14 ನಾಯಕರನ್ನು ಅಮೆರಿಕಕ್ಕೆ ಒಪ್ಪಿಸಿದಾಗ ಇದು ಸ್ಪಷ್ಟವಾಯಿತು. ಸ್ವದೇಶದ ವಿಚಾರಣೆಯಲ್ಲಿ ಅವರು ತಮ್ಮ ಹತ್ಯಾಕಾಂಡಗಳ ವಿವರಗಳನ್ನು ನುಡಿಯಲು ತೊಡಗಿದ್ದರಷ್ಟೆ. ಹತರಾದವರ ಬಂಧುಗಳು ಆಗ ಪ್ರತಿಭಟಿಸಿದ್ದು ಈ ಕಾರಣಕ್ಕಾಗಿ: ತಮ್ಮವರನ್ನು ಎಲ್ಲಿ ಹೂಳಲಾಗಿದೆಯೆಂದು ಬಲ್ಲವರೇ ವಿಮಾನವೇರಿ ಹೋಗಿದ್ದರು.