ಕೋವಿಯ ಮೇಲಣ ಲಿಖಿತ ಮತ್ತು ಅದರ ಒಡೆಯ

ಕೆತ್ತನೆಯುಳ್ಳ ಹಳೆಯ ಬೇಟೆಕೋವಿಯು ತನ್ನ ಚರಿತ್ರೆಯನ್ನು ತನ್ನ ಮೈಮೇಲೆಯೇ ಹೊತ್ತಿರುತ್ತದೆ. ಅದು ಎಷ್ಟನ್ನು ನುಡಿಯುತ್ತದೆ, ಎಲ್ಲಿ ಮೌನ ವಹಿಸುತ್ತದೆ ಎಂಬುದನ್ನು ಟಿಪ್ಪು ಸುಲ್ತಾನನ ಕೋವಿಗಳ ನಿದರ್ಶನದಿಂದ ನಾವು ಇಲ್ಲಿ ಪರಿಶೀಲಿಸೋಣ.

2019ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಹಳೆಯ ಆಯುಧಗಳು ಹರಾಜಾದವು. ಈಸ್ಟ್ ಇಂಡಿಯಾ ಕಂಪೆನಿಯ ಮೇಜರ್ ಥಾಮಸ್ ಹಾರ್ಟ್ ಎಂಬ ಅಧಿಕಾರಿಯು ಶ್ರೀರಂಗಪಟ್ಟಣದ ಪತನಾನಂತರ ಅವನ್ನು ಸ್ವದೇಶಕ್ಕೆ ಒಯ್ದಿದ್ದನು. ಅವುಗಳಲ್ಲಿ ಬೆಳ್ಳಿಯ ಕಟ್ಟುಗಳುಳ್ಳ ಒಂದು ಕೋವಿಯೇ 60,000 ಪೌಂಡುಗಳಿಗೆ ಮಾರಾಟವಾಯಿತು. ಟಿಪ್ಪುವಿನ ಹೆಸರಿಲ್ಲದಿದ್ದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಇಂತಹ ಕೋವಿಗಳನ್ನು ಗುರುತಿಸುವುದು ಹೇಗೆ? ಮೊದಲನೆಯದು, ಹುಲಿಯ ಮೈಪಟ್ಟೆಯನ್ನು ಹೋಲುವ 'ಬಬ್ರಿ' ಅಲಂಕಾರ. ಎರಡನೆಯದು, ನಳಿಗೆಯ ಮೇಲಣ 'ಹೈದರ್' ಎಂಬ ಮುದ್ರೆ. ಮೂರನೆಯದು, ಪಟ್ಟಣದ ಹೆಸರು, ಕುಶಲಕರ್ಮಿಯ ಹೆಸರು ಮತ್ತು ವರ್ಷ. ಅಸದ್ ಖಾನ್ ಮುಹಮ್ಮದ್ ಎಂಬ ಕರ್ಮಿಯ ಹೆಸರು ಹೀಗೆಯೇ ನಮಗೆ ಉಳಿದುಬಂದಿದೆ. ವರ್ಷವು ಟಿಪ್ಪುವು ಜಾರಿಗೆ ತಂದ ಮೌಲೂದಿ ಶಕೆಯದು. ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. 2221 ಎಂದು ಕಾಣುವುದು ವಾಸ್ತವವಾಗಿ 1222, ಅಂದರೆ ಕ್ರಿ.ಶ. 1794ರ ಸುಮಾರು. ಹೈದರಾಲಿಯು 1782ರಲ್ಲಿಯೇ ಮಡಿದಿದ್ದನು. ಆದುದರಿಂದ ಮುದ್ರೆಯಲ್ಲಿ 'ಹೈದರ್' ಎಂದಿದ್ದ ಮಾತ್ರಕ್ಕೆ ಕೋವಿಯು ಹೈದರಾಲಿಯದೆಂದು ಹೇಳುವಂತಿಲ್ಲ. ಒಂದು ಸಾಕ್ಷ್ಯವನ್ನು ಮತ್ತೊಂದರಿಂದ ಒರೆಹಚ್ಚುವುದೆಂದರೆ ಇದೇ.

ಆದರೆ ಈ ಗುರುತುಗಳು ಅರಮನೆಯ ಕಾರ್ಖಾನೆಯನ್ನು ತೋರಿಸುತ್ತವೆಯೇ ಹೊರತು ಅರಸನ ಕೈಯನ್ನು ತೋರಿಸುವುದಿಲ್ಲ. ಲಂಡನ್ನಿನ ಪರ್ಡಿಯಂತಹ ತಯಾರಕರು ಪ್ರತಿಯೊಂದು ಕೋವಿಗೆ ಸಂಖ್ಯೆಯನ್ನಿತ್ತು, ಕೊಂಡವನ ಹೆಸರನ್ನು ದಾಖಲೆಪುಸ್ತಕದಲ್ಲಿ ಬರೆದಿಟ್ಟರು. ಅಲ್ಲಿ ಸಂಖ್ಯೆಯೇ ಮೊದಲ ಒಡೆಯನಿಗೆ ದಾರಿ. ಪಟ್ಟಣದ ಕೋವಿಯ ಲಿಖಿತದಲ್ಲಾದರೋ ನಮಗೆ ದೊರೆಯುವುದು ತಯಾರಿಸಿದವನ ಗುರುತು. 1799ರ ಮೇ 4ರಂದು ಕೋಟೆಯು ಬಿದ್ದಾಗ ಖಜಾನೆಯೊಡನೆ ಶಸ್ತ್ರಾಗಾರವೂ ಸೂರೆಯಾಗಿ ಹಲವು ಕೈಗಳಿಗೆ ಹಂಚಿಹೋಯಿತು. ಆ ಕೈಗಳನ್ನು ಹೇಳಬಲ್ಲುದು ಕೋವಿಯೊಡನೆ ಉಳಿದುಬಂದ ಕಾಗದಪತ್ರವೊಂದೇ.

ಟಿಪ್ಪುವಿನ ಹೆಸರು ಕೇಳಿದೊಡನೆ ಕೆಲವರಿಗೆ ಕಂಪೆನಿಯೊಡನೆ ಹೋರಾಡಿ ಮಡಿದ ವೀರನ ನೆನಪಾಗುತ್ತದೆ. ಕರಾವಳಿಯ ಕ್ರೈಸ್ತರಿಗೆ, 1784ರಲ್ಲಿ ತಮ್ಮ ಪೂರ್ವಜರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದ ದಾರಿಯ ನೆನಪಾಗುತ್ತದೆ. ಅಭಿಮಾನವಾಗಲಿ ನೋವಾಗಲಿ ಲೋಹದ ಮೇಲಿಲ್ಲದ ಅಕ್ಷರವನ್ನು ಓದಬಾರದು. ಸಾಕ್ಷ್ಯವು ನಿಂತಲ್ಲಿ ನಿಲ್ಲುವವನೇ ಅಗಲಿದವರಿಗೆ ನ್ಯಾಯ ಸಲ್ಲಿಸುತ್ತಾನೆ.

ನಮ್ಮ ಮನೆಗಳಲ್ಲಿಯೂ ಹಿರಿಯರ ವಸ್ತುಗಳಿವೆ. ಹೊಳಪಿನ ಆಸೆಯಿಂದ ಅವುಗಳ ಮೇಲಣ ಅಕ್ಷರಗಳನ್ನು ಉಜ್ಜಿ ಅಳಿಸದಿರೋಣ. ಯಾರಿಂದ, ಎಂದು, ಹೇಗೆ ಬಂದುವೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವುಗಳೊಡನೆ ಇರಿಸೋಣ. ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು.