ಮಹಾವೀರಾಚಾರ್ಯನ ಒಂದು ಸಂಖ್ಯಾಹಾರ

ಅಮೋಘವರ್ಷ ನೃಪತುಂಗನ ಕಾಲವು ಸಾಹಿತ್ಯಚರಿತ್ರೆಯಲ್ಲಿ ಕವಿರಾಜಮಾರ್ಗದಿಂದ ಪ್ರಸಿದ್ಧವಾಗಿರುವಂತೆ ಗಣಿತಚರಿತ್ರೆಯಲ್ಲಿ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಿಂದ ಪ್ರಸಿದ್ಧವಾಗಿದೆ. ಸುಮಾರು ಕ್ರಿ. ಶ. ೮೫೦ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದ ಆದಿಯಲ್ಲಿ ಆಚಾರ್ಯನು ಆ ಅರಸನನ್ನು ಸ್ತುತಿಸಿದ್ದಾನೆ. ಅಂದಿನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿಂದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಾಲಗುಂದಗಳಿರುವ ಎಡೆದೊರೆ ನಾಡು. ಅದೂ ರಾಷ್ಟ್ರಕೂಟರ ಆಳ್ವಿಕೆಗೆ ಸೇರಿದ್ದಿತು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಈ ಗ್ರಂಥವು ವಿದ್ವಾಂಸರಿಗೆ ಸುಲಭವಾಗಿ ದೊರೆಯುವಂತಾಯಿತು.

ಇದರ ಗುಣಾಕಾರ ಪ್ರಕರಣದಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವೊಂದುಂಟು. ಲಬ್ಧವು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಿಂದ ಇಳಿಯುವ ಸಂಖ್ಯೆಯೆಂದು ಆಚಾರ್ಯನು ಇದನ್ನು ಮಾತಿನಲ್ಲಿಯೇ ಹೇಳುತ್ತಾನೆ. ಎತ್ತಲಿಂದ ಓದಿದರೂ ಒಂದೇ ಆಗಿರುವ ಇಂಥ ಲಬ್ಧಗಳಿಗೆ ಗ್ರಂಥದಲ್ಲಿ ಕಂಠಾಭರಣದ ಹೋಲಿಕೆ ಬಂದಿದೆ.

ಈ ಸೊಬಗಿಗೆ ಕಾರಣವು ಸಂಖ್ಯೆಯ ರಚನೆಯಲ್ಲಿಯೇ ಇದೆ. ಅದು ೧೧೧೧೧೧ರ ವರ್ಗ. ಆರು ಒಂದುಗಳನ್ನು ಆರು ಸಾಲಾಗಿ, ಸಾಲಿಗೊಂದು ಸ್ಥಾನ ಸರಿಸಿ ಬರೆದು ಕೂಡಿದರೆ ಮೊತ್ತಗಳು ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುತ್ತವೆ. ಎಲ್ಲಿಯೂ ದಶಕವು ಮುಂದಿನ ಸ್ಥಾನಕ್ಕೆ ಹೋಗುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ನಿಯಮ ನಡೆದು, ಹತ್ತಕ್ಕೆ ಭಂಗವಾಗುತ್ತದೆ. ಇನ್ನು ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಮೊದಲೆರಡರ ಗುಣಲಬ್ಧ ೨೧. ಅದರ ವರ್ಗ ೪೪೧. ಉಳಿದ ಮೂರರ ಗುಣಲಬ್ಧ ೫೨೯೧. ಅದರ ವರ್ಗ ೨೭೯೯೪೬೮೧. ಆದ್ದರಿಂದ ಗುಣ್ಯ, ಗುಣಕ, ಲಬ್ಧ ಮೂರೂ ವರ್ಗಸಂಖ್ಯೆಗಳು. ಈ ಜೋಡಿ ಆಕಸ್ಮಿಕವಾಗಿ ಒದಗಿತೆನ್ನುವುದಕ್ಕಿಂತ, ಹಾರವನ್ನು ಮೊದಲು ಕಂಡು ಅದನ್ನು ಬಿಡಿಸಿ ಲೆಕ್ಕವನ್ನು ಕಟ್ಟಿದನೆನ್ನುವುದೇ ಯುಕ್ತ.

ಇದು ಬರಿಯ ವಿನೋದವೆ? ಹಾಗೆಣಿಸಿದರೆ ಬೋಧಕನಾದ ಆಚಾರ್ಯನಿಗೆ ಅನ್ಯಾಯವಾದೀತು. ಒಬ್ಬ ವಿದ್ಯಾರ್ಥಿಯು ಗುಣ್ಯದ ಎರಡಂಕೆಗಳನ್ನು ತಿರುವುಮುರುವಾಗಿಸಿ ೨೭೯೯೪೮೬೧ ಎಂದು ಬರೆದುಕೊಂಡನೆನ್ನೋಣ. ಅವನಿಗೆ ೧೨೩೪೫೭೩೩೭೦೧ ಬರುವುದು. ಸರಿಯಾದ ಲಬ್ಧದ ಅಂಕೆಗಳ ಮೊತ್ತ ೩೬, ಇದರದೂ ೩೬. ಒಂಬತ್ತನ್ನು ಕಳೆದು ನೋಡುವ ಪರೀಕ್ಷೆಗೆ ಈ ತಪ್ಪು ಸಿಕ್ಕದು. ಹಾರವು ಹರಿದುದಾದರೋ ಕಣ್ಣಿಗೆ ಒಡನೆಯೇ ಕಾಣುವುದು. ಅಂಕೆಗಳಿಗೆ ಬದಲಾಗಿ ಮಾತಿನಲ್ಲಿ ಹೇಳಿದ ಉತ್ತರವು ಲಿಪಿಕಾರರ ಕೈತಪ್ಪಿಗೂ ಸುಲಭವಾಗಿ ಬಲಿಯಾಗದು. ಛಂದಸ್ಸು ಪದ್ಯದ ಪಾಠವನ್ನು ಕಾಯುವಂತೆ ಇಲ್ಲಿ ಕ್ರಮವು ಸಂಖ್ಯೆಯನ್ನು ಕಾಯುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದು ಗಣಿತವನ್ನು ಕನ್ನಡಕ್ಕೆ ತಂದನು. ಅವನಿಗೂ ಮುನ್ನ ಕನ್ನಡ ಅರಸನ ಆಶ್ರಯಕಾಲದಲ್ಲಿ ಗಣಿತವು ಕಾವ್ಯದ ಅಲಂಕಾರವನ್ನು ತೊಟ್ಟಿತ್ತು. ಆ ಅಲಂಕಾರಕ್ಕೆ ಉಪಯೋಗವೂ ಇತ್ತೆಂಬುದಕ್ಕೆ ಈ ಹಾರವೇ ಸಾಕ್ಷಿ.