ಹದಿಮೂರು ಗೃಹಿಣಿಯರೂ ಒಂದು ಕುರುಚಲು ಕಾಡೂ

ಹೊಸ ಬಡಾವಣೆ ಬರುತ್ತದೆಂದರೆ ಹಳೆಯ ಬಡಾವಣೆಯವರಿಗೆ ಸಿಟ್ಟು ಬರುವುದು ಲೋಕಾರೂಢಿ. ತಾವು ಮನೆ ಕಟ್ಟಿಸಿದಾಗ ಅಲ್ಲಿ ಇದ್ದ ಹೊಲವೋ ತೋಪೋ ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ. ಪಕ್ಕದ ತೋಪಿನಲ್ಲಿ ಅಳತೆಯ ಸರಪಣಿ ಎಳೆದ ದಿನ ಮಾತ್ರ ಎಲ್ಲರೂ ವೃಕ್ಷಪ್ರೇಮಿಗಳಾಗುತ್ತಾರೆ. ಆದಕಾರಣ ಇಂಥ ವಿರೋಧಗಳ ಕಥೆಯನ್ನು ಓದುವಾಗ ನನಗೆ ಮೊದಲು ಉಂಟಾಗುವುದು ಮೆಚ್ಚುಗೆಯಲ್ಲ, ಅನುಮಾನ. ಆ ಅನುಮಾನವನ್ನು ಕೈಯಲ್ಲಿ ಹಿಡಿದುಕೊಂಡೇ ನೋಡಬೇಕಾದ ಒಂದು ಪ್ರಸಂಗವಿದೆ. ಅದು ನಡೆದದ್ದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ, 1971ರಲ್ಲಿ.

ಸಿಡ್ನಿಯ ಕೇಂದ್ರಭಾಗದಿಂದ ವಾಯವ್ಯಕ್ಕೆ ಪ್ಯಾರಮಟ್ಟ ಮತ್ತು ಲೇನ್ ಕೋವ್ ಎಂಬ ಎರಡು ನದಿಗಳ ನಡುವೆ ನಾಲಗೆಯಂತೆ ಚಾಚಿಕೊಂಡಿರುವ ನೆಲದ ಮೇಲೆ ಹಂಟರ್ಸ್ ಹಿಲ್ ಎಂಬ ಊರಿದೆ. ಹಳದಿ ಮರಳುಕಲ್ಲಿನ ಹಳೆಯ ಬಂಗಲೆಗಳು, ಮನೆಗೊಂದು ಕೈತೋಟ, ಉಳ್ಳವರ ಊರು. ಅಲ್ಲಿಯ ನದೀತೀರದಲ್ಲಿ 1892ರಿಂದ ತವರವನ್ನು ಕರಗಿಸುವ ಒಂದು ಕಾರ್ಖಾನೆ ಇತ್ತು. ಅದರ ಒಡೆಯರು ಕೆಲ್ಲಿ ಮನೆತನದವರು. ಕಾರ್ಖಾನೆಗೂ ಮನೆಗಳಿಗೂ ನಡುವೆ ಮರೆಯಾಗಿರಲೆಂದು ಸುಮಾರು 12 ಎಕರೆ ಕಾಡನ್ನು ಕಡಿಯದೆ ಬಿಟ್ಟಿದ್ದರು. ಜನ ಅದನ್ನು ‘ಕೆಲ್ಲೀಸ್ ಬುಷ್’ ಎಂದು ಕರೆದರು. ಆಸ್ಟ್ರೇಲಿಯದವರ ಬಾಯಲ್ಲಿ ‘ಬುಷ್’ ಎಂದರೆ ಬರಿಯ ಪೊದೆಯಲ್ಲ. ನೀಲಗಿರಿಯ ಜಾತಿಯ ಮರಗಳೂ, ಗಿಡಗಂಟಿಗಳೂ, ಬಂಡೆಗಳೂ ಕೂಡಿದ ಅವರ ನೆಲದ ಸಹಜವಾದ ಕಾಡು. ಹೊಗೆ ಕಾರುವ ಕಾರ್ಖಾನೆಯ ದೆಸೆಯಿಂದ ಒಂದು ಕಾಡು ಉಳಿಯಿತೆಂಬುದು ಚರಿತ್ರೆಯ ವಿನೋದಗಳಲ್ಲಿ ಒಂದು.

1967ರಲ್ಲಿ ಕಾರ್ಖಾನೆ ಅಲ್ಲಿಂದ ಎದ್ದುಹೋಯಿತು. ನದಿಗೆ ಎದುರಾದ ಜಾಗ, ಬೆಲೆ ಕೇಳಬೇಕೆ? ಮನೆ ಕಟ್ಟಿ ಮಾರುವುದರಲ್ಲಿ ದೊಡ್ಡ ಹೆಸರಾದ ಎ. ವಿ. ಜೆನಿಂಗ್ಸ್ ಕಂಪನಿಯವರ ಕಣ್ಣು ಅದರ ಮೇಲೆ ಬಿತ್ತು. ಮೊದಲು ಬಹುಮಹಡಿಯ ಕಟ್ಟಡಗಳೆಂದರು. ಊರಿನವರು ಗದ್ದಲವೆಬ್ಬಿಸಲು ಸಾಲುಮನೆಗಳ ನಕ್ಷೆಯನ್ನು ತಂದರು. ನಕ್ಷೆ ಯಾವುದಾದರೇನು, ಕಾಡು ಉಳಿಯುವಂತಿರಲಿಲ್ಲ.

1970ರ ಸೆಪ್ಟೆಂಬರಿನಲ್ಲಿ ಊರಿನ ಹದಿಮೂರು ಮಂದಿ ಹೆಂಗಸರು ಸೇರಿ ಒಂದು ಸಂಘ ಕಟ್ಟಿದರು. ಅವರ ಮುಂದಾಳು ಬೆಟ್ಟಿ ಜೇಮ್ಸ್. ‘ಕೆಲ್ಲೀಸ್ ಬುಷ್‌ಗಾಗಿ ಹೋರಾಡುವ ಬ್ಯಾಟ್ಲರರು’ ಎಂದು ಹೆಸರಿಟ್ಟುಕೊಂಡರು. ಆ ದೇಶದಲ್ಲಿ ‘ಬ್ಯಾಟ್ಲರ್’ ಎಂದರೆ ಹೊಟ್ಟೆಪಾಡಿಗೆ ಹೆಣಗುವ ಬಡವ. ಹೊಟ್ಟೆಪಾಡಿನ ಚಿಂತೆಯಿಲ್ಲದ ಈ ಗೃಹಿಣಿಯರಿಗೆ ಆ ಹೆಸರು ಒಪ್ಪುತ್ತಿತ್ತೇ ಎಂದು ಯಾರಾದರೂ ನಕ್ಕಿದ್ದರೆ ತಪ್ಪೇನೂ ಇರಲಿಲ್ಲ. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಊರಿನ ಪುರಸಭೆಗೆ ಅರ್ಜಿ, ಮೇಯರಿಗೆ ಅರ್ಜಿ, ಶಾಸಕರಿಗೆ ಅರ್ಜಿ, ಮುಖ್ಯಮಂತ್ರಿ ರಾಬರ್ಟ್ ಆಸ್ಕಿನ್‌ರವರಿಗೆ ಅರ್ಜಿ, ಪತ್ರಿಕೆಗಳಿಗೆ ಕಾಗದಗಳು. ಜನರನ್ನು ಕಾಡಿಗೇ ಕರೆದುಕೊಂಡು ಹೋಗಿ, ತಗಡಿನ ಡಬ್ಬಿಯಲ್ಲಿ ಚಹಾ ಕಾಯಿಸಿ ಕೊಟ್ಟು, ‘ಇದನ್ನೇ ಕಳೆದುಕೊಳ್ಳಲಿರುವಿರಿ, ನೋಡಿ’ ಎಂದು ತೋರಿಸಿದರು. ಸಭ್ಯರಾದ ನಾಗರಿಕರು ಏನೇನು ಮಾಡಬಹುದೋ ಅಷ್ಟನ್ನೂ ಮಾಡಿದರು. 1971ರ ಜೂನ್ ತಿಂಗಳಿನಲ್ಲಿ ಸರ್ಕಾರ ಅಲ್ಲಿ ಮನೆ ಕಟ್ಟಲು ಸಮ್ಮತಿಯಿತ್ತಿತು. ಸಭ್ಯತೆಯ ದಾರಿ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮುಂದಿನದೇ ನಿಜವಾದ ಕಥೆ. ಈ ಹೆಂಗಸರು ಕಾರ್ಮಿಕ ಸಂಘಗಳ ಬಾಗಿಲನ್ನು ತಟ್ಟಿದರು. ಕಾಡನ್ನು ಸಮಮಾಡುವ ಬುಲ್‌ಡೋಜರುಗಳನ್ನು ನಡೆಸುವವರ ಸಂಘ ಮೊದಲು ಓಗೊಟ್ಟಿತು. ಆಮೇಲೆ ಕಟ್ಟಡ ಕೂಲಿಗಳ ಸಂಘ, ಬಿಲ್ಡರ್ಸ್ ಲೇಬರರ್ಸ್ ಫೆಡರೇಷನ್. ಪಾಯ ತೋಡುವವರು, ಕಾಂಕ್ರೀಟು ಸುರಿಯುವವರು, ಸಾರುವೆ ಕಟ್ಟುವವರು, ಹಳೆಯ ಕಟ್ಟಡ ಕೆಡಹುವವರು ಅದರ ಸದಸ್ಯರು. ಆ ಪ್ರಾಂತದಲ್ಲಿ ಸುಮಾರು 11,000 ಮಂದಿ. ಅದರ ಕಾರ್ಯದರ್ಶಿ ಜ್ಯಾಕ್ ಮಂಡಿ: ಕ್ವೀನ್ಸ್‌ಲ್ಯಾಂಡಿನ ಹಳ್ಳಿಗಾಡಿನಿಂದ ರಗ್ಬಿ ಆಡಲೆಂದು ಸಿಡ್ನಿಗೆ ಬಂದು ಕೂಲಿಯಾಗಿ ನಿಂತವನು, ಮೇಲಾಗಿ ಕಮ್ಯೂನಿಸ್ಟ್ ಪಕ್ಷದವನು. ಹಂಟರ್ಸ್ ಹಿಲ್ಲಿನ ಹಜಾರದಲ್ಲಿ ಅಂಥವರ ಹೆಸರನ್ನು ಪ್ರೀತಿಯಿಂದ ಎತ್ತುತ್ತಿದ್ದಿರಲಾರರು. ಎತ್ತಣ ಮಾಮರ, ಎತ್ತಣ ಕೋಗಿಲೆ!

ನನ್ನ ಅನುಮಾನವೇ ಆ ಕೂಲಿಗಳಿಗೂ ಬಂದಿರಬೇಕು. ಉಳ್ಳವರ ಕಿಟಕಿಯ ನೋಟ ಕೆಡುತ್ತದೆಂದು ನಾವೇಕೆ ನಮ್ಮ ದಿನಗೂಲಿ ಬಿಡಬೇಕು? ಅವರು ಸುಲಭವಾಗಿ ಹೂಂಗುಟ್ಟಲಿಲ್ಲ. ಇದು ನಿಮ್ಮ ಹದಿಮೂರು ಜನರ ಆಸೆಯೋ, ಊರಿನ ಆಸೆಯೋ ಎಂಬುದನ್ನು ತೋರಿಸಿಕೊಡಿ ಎಂದರು. ಹೆಂಗಸರು ಬಹಿರಂಗ ಸಭೆಯನ್ನು ಕರೆದರು. ಸುಮಾರು 600 ಜನ ಬಂದು, ಈ ಕಾಡಿಗೆ ಕೈಹಚ್ಚಬೇಡಿರೆಂದು ಸಂಘವನ್ನು ಕೇಳಿಕೊಂಡರು. ಸಂಘ ಬಹಿಷ್ಕಾರ ಹಾಕಿತು: ಕೆಲ್ಲೀಸ್ ಬುಷ್‌ನಲ್ಲಿ ತಮ್ಮವರು ಯಾರೂ ಕೆಲಸಮಾಡುವುದಿಲ್ಲ.

ಸಂಘಕ್ಕೆ ಸೇರದ ಕೂಲಿಗಳನ್ನು ತಂದು ಕಟ್ಟಿಸುತ್ತೇವೆಂದು ಕಂಪನಿ ಹೇಳಿತು. ಅದೇ ಕಂಪನಿಯವರು ನಾರ್ತ್ ಸಿಡ್ನಿಯಲ್ಲಿ ಆಗ ಒಂದು ಕಚೇರಿ ಕಟ್ಟಡವನ್ನು ಎಬ್ಬಿಸುತ್ತಿದ್ದರು. ಅಲ್ಲಿಯ ಕೂಲಿಗಳು ಕೆಲಸದ ಜಾಗದಲ್ಲಿಯೇ ಸಭೆ ಸೇರಿ ತೀರ್ಮಾನಿಸಿದರು: ಕೆಲ್ಲೀಸ್ ಬುಷ್‌ನಲ್ಲಿ ಒಂದು ಮರ ಬಿದ್ದರೂ ಈ ಅರೆಕಟ್ಟಡ ಎಂದೆಂದಿಗೂ ಹೀಗೆಯೇ ನಿಲ್ಲುವುದು, ಆ ಕಾಡಿನ ಸ್ಮಾರಕವಾಗಿ. ಅರ್ಜಿಗಳ ಕಟ್ಟಿಗೆ ಕಿವಿಗೊಡದವರಿಗೆ ಈ ಮಾತು ಕೇಳಿಸಿತು. ಬುಲ್‌ಡೋಜರು ಬರಲಿಲ್ಲ.

ಕೂಲಿಗಳು ಸಂಬಳಕ್ಕಾಗಿ ಕೆಲಸ ನಿಲ್ಲಿಸುವುದು ಹಳೆಯ ಸುದ್ದಿ. ತಮ್ಮದಲ್ಲದ ಊರಿನ, ತಮ್ಮದಲ್ಲದ ವರ್ಗದ ಜನರ ಮಾತಿಗಾಗಿ ಕೆಲಸವನ್ನೇ ಬೇಡವೆಂದದ್ದು ಹೊಸದು. ಏನನ್ನು ಕಟ್ಟಬೇಕು, ಏನನ್ನು ಕಟ್ಟಬಾರದು ಎಂಬುದರಲ್ಲಿ ಕಟ್ಟುವ ಕೈಗಳಿಗೂ ಒಂದು ಮಾತಿರಬೇಕು ಎಂಬುದು ಮಂಡಿಯವರ ವಾದ. ಸಂಘಗಳು ಹಾಕುತ್ತಿದ್ದ ಬಹಿಷ್ಕಾರಕ್ಕೆ ಅಲ್ಲಿ ‘ಕರಿ ಬಹಿಷ್ಕಾರ’ವೆಂಬ ಹೆಸರಿತ್ತು, ಮರಗಳಿಗಾಗಿ ಹಾಕಿದ ಇದಕ್ಕೆ ‘ಹಸಿರು ಬಹಿಷ್ಕಾರ’ವೆಂಬ ಹೆಸರು ಆಮೇಲೆ ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಅನುಮಾನ ಅರ್ಧವಷ್ಟೆ ಕರಗುತ್ತಿತ್ತು. ಉಳ್ಳವರ ಕಾಡು ಉಳಿಯಿತು, ಬಡವರು ಉಳಿಸಿಕೊಟ್ಟರು, ಮಂಗಳ! ಎಂದು ಮುಗಿಸಬಹುದಿತ್ತು. ಆದರೆ ಮುಚ್ಚಿದ್ದ ಬಾಗಿಲೊಂದು ತೆರೆದಿತ್ತು. ಸಿಡ್ನಿಯಲ್ಲಿ ಆಗ ಕಟ್ಟಡಗಳ ಜ್ವರ. ಎಲ್ಲೆಲ್ಲಿಯೂ ಹಳೆಯದನ್ನು ಕೆಡಹಿ ಕಚೇರಿಗಳ ಗೋಪುರ ಎಬ್ಬಿಸುವ ಅವಸರ. ಬಂದರಿನ ಮಗ್ಗುಲಲ್ಲಿರುವ ‘ದಿ ರಾಕ್ಸ್’ ಎಂಬ ಹಳೆಯ ಕೇರಿಯಲ್ಲಿ ತಲೆಮಾರುಗಳಿಂದ ಬಾಡಿಗೆಗಿದ್ದ ಶ್ರಮಜೀವಿಗಳು ಸಂಘದ ಬಳಿಗೆ ಬಂದರು. ವುಲ್ಲುಮುಲ್ಲೂ ಎಂಬ ಕೇರಿಯವರು ಬಂದರು. ಸೆಂಟಿನಿಯಲ್ ಪಾರ್ಕಿನಲ್ಲಿ ದೊಡ್ಡ ಕ್ರೀಡಾಂಗಣ ಬರುವುದೆಂದಾಗ, 1973ರಲ್ಲಿ ನೊಬೆಲ್ ಬಹುಮಾನ ಪಡೆಯಲಿದ್ದ ಕಾದಂಬರಿಕಾರ ಪ್ಯಾಟ್ರಿಕ್ ವೈಟ್ ತಮ್ಮ ಏಕಾಂತವನ್ನು ಬಿಟ್ಟು ವೇದಿಕೆ ಹತ್ತಿ ಇದೇ ಕೂಲಿಗಳ ಪಕ್ಕದಲ್ಲಿ ನಿಂತರು. ನಾಲ್ಕು ವರ್ಷಗಳಲ್ಲಿ 40ಕ್ಕೂ ಹೆಚ್ಚು ಬಹಿಷ್ಕಾರಗಳು ಬಿದ್ದವು. ಕೇಳಿದವರಿಗೆಲ್ಲ ಇದು ಸಿಕ್ಕಲಿಲ್ಲ. ಸ್ಥಳದ ಜನ ಸಭೆ ಸೇರಿ ಕೇಳಬೇಕು ಎಂಬ ಆ ಮೊದಲ ನಿಯಮವೇ ಮುಂದೆಯೂ ನಡೆಯಿತು.

ಬೆಲೆ ತೆರದೆ ಇದೇನೂ ನಡೆಯಲಿಲ್ಲ. 1973ರ ಅಕ್ಟೋಬರಿನಲ್ಲಿ ರಾಕ್ಸ್‌ನಲ್ಲಿ ಅಡ್ಡನಿಂತವರನ್ನು ಪೊಲೀಸರು ಎಳೆದೊಯ್ದರು; ಮಂಡಿಯವರೂ ಅವರಲ್ಲಿ ಒಬ್ಬರು. ಕಿಂಗ್ಸ್ ಕ್ರಾಸಿನ ವಿಕ್ಟೋರಿಯ ಬೀದಿಯ ಮನೆಗಳ ಪರವಾಗಿ ತಮ್ಮ ಪತ್ರಿಕೆಯಲ್ಲಿ ಬರೆಯುತ್ತಿದ್ದ ಹ್ವಾನೀಟ ನೀಲ್ಸನ್ 1975ರ ಜುಲೈ ತಿಂಗಳಿನಲ್ಲಿ ಕಾಣೆಯಾದವರು ಮತ್ತೆ ಸಿಕ್ಕಲೇ ಇಲ್ಲ. ಅಷ್ಟರಲ್ಲಿ ಕೂಲಿಗಳ ಸಂಘದ ಕೇಂದ್ರ ನಾಯಕರೇ ಸಿಡ್ನಿಯ ಶಾಖೆಯನ್ನು ವಶಪಡಿಸಿಕೊಂಡು, ಮಂಡಿಯವರನ್ನೂ ಅವರ ಜೊತೆಗಾರರನ್ನೂ ಹೊರಗೆ ಹಾಕಿದರು. ಸಂಘ ಒಡೆಯಿತು. ಆದರೆ ಕೆಲ್ಲೀಸ್ ಬುಷ್ ಮಾತ್ರ ನಿಂತಿತು. 1983ರಲ್ಲಿ ಮುಖ್ಯಮಂತ್ರಿ ನೆವಿಲ್ ರ‍್ಯಾನ್ ಅದನ್ನು ಸರ್ಕಾರವೇ ಕೊಂಡು ಸಾರ್ವಜನಿಕರಿಗೆ ಉಳಿಸುವುದೆಂದು ಸಾರಿದರು. ಅರ್ಜಿ ಬರೆದ ಹದಿಮೂರು ವರ್ಷದ ಮೇಲೆ ಉತ್ತರ ಬಂತು.

ಲೆಕ್ಕದ ಇನ್ನೊಂದು ಪುಟವನ್ನೂ ತಿರುವಿ ನೋಡಬೇಕು. ರಾಕ್ಸ್‌ನ ಹಳೆಯ ನಿವಾಸಿಗಳಿಗೆ ಅಲ್ಲಿಯೇ ನೆಲೆ ಇರಲೆಂದು ಸರ್ಕಾರ ಸಿರಿಯಸ್ ಎಂಬ ವಠಾರವನ್ನು ಕಟ್ಟಿಸಿಕೊಟ್ಟಿತ್ತು. ಬಂದರು ಎದುರಿಗೇ ಕಾಣುವ ಬಡವರ ಮನೆಗಳು. 2019ರಲ್ಲಿ ಸರ್ಕಾರ ಅದನ್ನು 15 ಕೋಟಿ ಡಾಲರಿಗೆ ಮಾರಿತು. ಅಲ್ಲಿದ್ದವರನ್ನು ಅದಕ್ಕೆ ಮೊದಲೇ ಬೇರೆಡೆಗೆ ಸಾಗಿಸಿಯಾಗಿತ್ತು. ಅದನ್ನು ಉಳಿಸುವ ಹೋರಾಟದಲ್ಲಿಯೂ ನಿಂತಿದ್ದ ಮಂಡಿ 2020ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಹಂಟರ್ಸ್ ಹಿಲ್ಲಿನ ಮರಗಳು ಉಳಿದವು. ಅವನ್ನು ಉಳಿಸಿದವರ ನಂಟರಿಷ್ಟರಂಥ ಜನರಿಗೆ ಕಟ್ಟಿಸಿದ ಮನೆಗಳು ಅವರಿಗೆ ಉಳಿಯಲಿಲ್ಲ.

ಹಾಗಾದರೆ ನನ್ನ ಮೊದಲಿನ ಅನುಮಾನ ಏನಾಯಿತು? ಪೂರ್ತಿ ಹೋಗಲಿಲ್ಲ, ಹೋಗಬೇಕಾದ್ದೂ ಇಲ್ಲ. ತನ್ನ ಬೇಲಿಯ ಮಗ್ಗುಲಿನ ಮರಕ್ಕಾಗಿ ಕೂಗುವುದರಲ್ಲಿ ಸ್ವಾರ್ಥ ಇದ್ದೇ ಇರುತ್ತದೆ. ಆ ಹದಿಮೂರು ಜನರಲ್ಲಿಯೂ ಇದ್ದಿರಬೇಕು. ಅವರ ಹೆಚ್ಚುಗಾರಿಕೆ ಏನೆಂದರೆ, ಆ ಸ್ವಾರ್ಥವನ್ನು ಹೊತ್ತುಕೊಂಡು, ತಮ್ಮನ್ನು ಪ್ರಶ್ನಿಸಲು ಎಲ್ಲ ಹಕ್ಕೂ ಇದ್ದ ಜನರ ಮುಂದೆ ಹೋಗಿ ನಿಂತರು. ಅವರು ಕೇಳಿದ ಪ್ರಶ್ನೆಗೆ ಊರನ್ನು ಕೂಡಿಸಿ ಉತ್ತರ ಕೊಟ್ಟರು. ಒಂದು ಬಡಾವಣೆಯ ವಿರೋಧ ನ್ಯಾಯವೋ ಬರಿಯ ಹಟವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತೋರುವುದಿಲ್ಲ. ಕೂಲಿಗಳು ಅಂದು ತಮ್ಮ ಕೂಲಿಯನ್ನು ಬಿಟ್ಟು ಕಾಡನ್ನು ಕಾಯ್ದರು. ಆ ಋಣವನ್ನು ತೀರಿಸುವ ಸರದಿ ಕಾಡಿನ ನೆರಳಿನಲ್ಲಿ ಮನೆಮಾಡಿರುವವರದು. ಅದು ಇನ್ನೂ ತೀರಿಲ್ಲ.